ಯೀಸ್ಟ್ ಪ್ರಾಜೆಕ್ಟಿಗೆ ಯಾವ ಔಷಧಿ? ಪೊರೆ ಕೆಡಿಸುವುದೋ, ಗೋಡೆ ಹರಿಯುವುದೋ

ಫೆಬ್ರುವರಿ ಬಂತೆಂದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಸಾರ್, ಯೀಸ್ಟ್ ಮೇಲೆ ಆ್ಯಂಟಿಫಂಗಲ್ ಪ್ರಾಜೆಕ್ಟ್ ಹಾಕೀನಿ. ಯಾವ ಔಷಧಿ ತಗಳ್ಲಿ?" ನಾನು ಬಳ್ಳಾರಿಯಲ್ಲಿ ಡಿಗ್ರಿ ಮಕ್ಕಳಿಗೆ ಮೈಕ್ರೋಬಯಾಲಜಿ ಹೇಳಿಕೊಡುತ್ತೇನೆ. ಕೇಳುವವರಲ್ಲಿ ಅರ್ಧ ಮಂದಿ ಕಂಪ್ಲಿ, ಸಿರುಗುಪ್ಪ, ಸಂಡೂರಿನಿಂದ ಬಸ್ಸಿಗೆ ಬರುವವರು. ಕೈಯಲ್ಲಿ ಎರಡು ತಿಂಗಳು, ಒಂದು ಸಾಮಾನ್ಯ ಮೈಕ್ರೋಸ್ಕೋಪು, ಯಾವಾಗ ಬೇಕಾದರೂ ಹೋಗುವ ಕರೆಂಟು. ಉತ್ತರ ಕೊಡುವ ಮೊದಲು ನಾನೇ ಒಂದು ಪ್ರಶ್ನೆ ಹಾಕುತ್ತೇನೆ: "ಯೀಸ್ಟ್ ಸಾಯಬೇಕಾ? ಇಲ್ಲ, ಅದರ ಕೋಶ ಕೆಟ್ಟಿದ್ದು ಕಣ್ಣಿಗೆ ಕಾಣಬೇಕಾ?" ಎರಡೂ ಒಂದೇ ಅಲ್ವಾ ಅಂತ ಮುಖ ನೋಡುತ್ತಾರೆ. ಒಂದೇ ಅಲ್ಲ. ಬೇಗ ಕೊಲ್ಲುವ ಔಷಧಿಯಲ್ಲಿ ನೋಡಲಿಕ್ಕೆ ಏನೂ ಉಳಿಯದೆ ಹೋಗಬಹುದು. ಕೊಲ್ಲದೆ ಸತಾಯಿಸುವ ಔಷಧಿ ಒಳ್ಳೆಯ ಫೋಟೋ ಕೊಡಬಹುದು.

ನನ್ನ ಕಾಲದಲ್ಲಿ ಇದನ್ನು ಯಾರೂ ಹೇಳಲಿಲ್ಲ. ನಾನು ಓದುವಾಗ ಮನೆಯಲ್ಲಿ ಯಾರಿಗೋ ಗಜಕರ್ಣಕ್ಕೆ ಅಂತ ತಂದ ಗ್ರಿಸಿಯೊಫಲ್ವಿನ್ ಮಾತ್ರೆ ಉಳಿದಿತ್ತು. ಶಿಲೀಂಧ್ರದ ಔಷಧಿ ತಾನೇ, ಯೀಸ್ಟೂ ಶಿಲೀಂಧ್ರ ತಾನೇ ಅಂತ ಮಾತ್ರೆ ಕುಟ್ಟಿ ಬ್ರೆಡ್ ಯೀಸ್ಟಿಗೆ ಹಾಕಿದೆ. ಮರುದಿನ ಸ್ಲೈಡಿನಲ್ಲಿ ದೊಡ್ಡ ದೊಡ್ಡ, ಹೊಳೆಯುವ ದುಂಡು ಕೋಶಗಳು! "ಔಷಧಿಯಿಂದ ಕೋಶಗಳು ಊದಿಕೊಂಡಿವೆ" ಅಂತ ರಿಪೋರ್ಟ್ ಬರೆದೆ, ಚಿತ್ರವನ್ನೂ ಬಿಡಿಸಿದೆ. ವೈವಾ ದಿನ ಎಕ್ಸ್‌ಟರ್ನಲ್ ಆಗಿ ಬಂದಿದ್ದವರು ಏನೂ ಮಾತಾಡದೆ ಸ್ಲೈಡಿನ ಅಂಚಿಗೆ ಒಂದು ಹನಿ ಅಯೋಡಿನ್ ಬಿಟ್ಟರು. ನನ್ನ "ಊದಿದ ಕೋಶಗಳು" ಒಂದೊಂದಾಗಿ ಕಡುನೀಲಿ ಆದವು. ಅದು ಮಾತ್ರೆಯಲ್ಲಿದ್ದ ಸ್ಟಾರ್ಚ್. ಪಕ್ಕದಲ್ಲಿ ಯೀಸ್ಟ್ ಮಾತ್ರ ತಣ್ಣಗೆ ಮೊಗ್ಗು ಬಿಡುತ್ತಿತ್ತು. ಗ್ರಿಸಿಯೊಫಲ್ವಿನ್ ಗಜಕರ್ಣ ತರುವ ಬೂಸ್ಟಿನ ಜಾತಿಗೆ ಕೆಲಸ ಮಾಡುತ್ತದೆ, ಯೀಸ್ಟಿಗೆ ಮಾಡುವುದಿಲ್ಲ. ಒಂದೇ ಪ್ರಯೋಗದಲ್ಲಿ ಎರಡು ತಪ್ಪು.

ಆದ್ದರಿಂದ ಔಷಧಿಯ ಹೆಸರು ನೋಡುವ ಮೊದಲು ಅದು ಕೋಶದ ಯಾವ ಭಾಗಕ್ಕೆ ಕೈ ಹಾಕುತ್ತದೆ ಅಂತ ನೋಡಬೇಕು.

ಬಲೂನು ಮತ್ತು ಜೀನ್ಸ್ ಬಟ್ಟೆ

ಬಳ್ಳಾರಿಯಲ್ಲಿ ಇದ್ದು ಜೀನ್ಸ್ ಬಿಟ್ಟು ಬೇರೆ ಉದಾಹರಣೆ ಹುಡುಕಲು ಮನಸ್ಸು ಬರುವುದಿಲ್ಲ. ನೀರು ತುಂಬಿದ ಒಂದು ಬಲೂನಿಗೆ ಜೀನ್ಸ್ ಬಟ್ಟೆಯ ಬಿಗಿ ಚೀಲ ಹೊಲಿದು ಹಾಕಿದ್ದಾರೆ ಅಂದುಕೊಳ್ಳಿ. ಬಲೂನು ಅಂದರೆ ಕೋಶದ ಪೊರೆ. ಚೀಲ ಅಂದರೆ ಕೋಶದ ಗೋಡೆ, ನಿಮ್ಮ ಪಠ್ಯಪುಸ್ತಕದ ಕೋಶಭಿತ್ತಿ. ಒಳಗಿನ ನೀರು ಸದಾ ಹೊರಕ್ಕೆ ಒತ್ತುತ್ತಿರುತ್ತದೆ. ಆ ಒತ್ತಡ ತಡೆಯುವುದು ಚೀಲ. ನೀರು ಸೋರದಂತೆ ಹಿಡಿಯುವುದು ಬಲೂನು.

ಬಲೂನಿನ ರಬ್ಬರಿಗೆ ಗಟ್ಟಿತನ ಕೊಡುವ ವಸ್ತು ಎರ್ಗೊಸ್ಟೆರಾಲ್. ನಮ್ಮ ದೇಹದ ಕೋಶಗಳಲ್ಲಿ ಆ ಜಾಗದಲ್ಲಿ ಕೊಲೆಸ್ಟೆರಾಲ್ ಇದೆ. ಈ ಸಣ್ಣ ವ್ಯತ್ಯಾಸವೇ ಶಿಲೀಂಧ್ರದ ಹೆಚ್ಚಿನ ಔಷಧಿಗಳ ಹೊಟ್ಟೆಪಾಡು. ಗೋಡೆಯ ಮುಖ್ಯ ನೂಲು ಬೀಟಾ ಗ್ಲೂಕಾನ್. ಗೋಡೆಯ ಅರ್ಧಕ್ಕಿಂತ ಜಾಸ್ತಿ ಅದೇ. ಹೊರಮೈಗೆ ಮ್ಯಾನೋಪ್ರೋಟೀನ್‌ಗಳ ಲೇಪ. ಇನ್ನು ಕೈಟಿನ್ ಇರುವುದು ಶೇಕಡ 1-2 ರಷ್ಟು ಮಾತ್ರ. ಅದು ಸೇರಿಕೊಂಡಿರುವುದು ಹೆಚ್ಚಾಗಿ ತಾಯಿಕೋಶಕ್ಕೂ ಮೊಗ್ಗಿಗೂ ನಡುವಿನ ಕುತ್ತಿಗೆಯಲ್ಲಿ. ಪ್ಯಾಂಟಿನ ಜೇಬಿನ ಮೂಲೆಗೆ ಹಾಕುವ ಬಾರ್‌ಟ್ಯಾಕ್ ಹೊಲಿಗೆ ನೋಡಿದ್ದೀರಲ್ಲ? ದಾರ ಸ್ವಲ್ಪವೇ, ಆದರೆ ಎಳೆತ ಬೀಳುವ ಜಾಗದಲ್ಲೇ ಇರುತ್ತದೆ. ಕೈಟಿನ್ ಕೆಲಸವೂ ಹಾಗೇ. ಮೊಗ್ಗು ಕಳಚಿಕೊಂಡ ಮೇಲೆ ತಾಯಿಯ ಮೈಮೇಲೆ ಆ ಹೊಲಿಗೆಯ ಬಳೆ ಗುರುತಾಗಿ ಉಳಿಯುತ್ತದೆ. ಒಂದು ಬ್ರೆಡ್ ಯೀಸ್ಟ್ ಕೋಶ ಜೀವಮಾನದಲ್ಲಿ ಸುಮಾರು 20-30 ಮೊಗ್ಗು ಬಿಡುತ್ತದೆ. ಹಾಗಾಗಿ ಬಳೆ ಎಣಿಸಿದರೆ ಎಷ್ಟು ಹೆತ್ತಿದೆ ಅಂತ ಹೇಳಬಹುದು.

ಈಗ ಔಷಧಿಗಳಿಗೆ ಬರೋಣ. ಎಲ್ಲವಕ್ಕೂ ಸಮ ಜಾಗ ಕೊಡುವುದಿಲ್ಲ. ಕೆಲವು ನಿಮ್ಮ ಕೈಗೇ ಸಿಗುವುದಿಲ್ಲ.

ಫ್ಲುಕೊನಜೋಲ್: ಆತುರವಿಲ್ಲದ ಔಷಧಿ

ನನ್ನ ಮೊದಲ ಆಯ್ಕೆ ಇದು. ಅಜೋಲ್ ಗುಂಪಿಗೆ ಸೇರಿದ್ದು. ಕ್ಲೋಟ್ರಿಮಜೋಲ್, ಕೀಟೊಕೊನಜೋಲ್, ಇಟ್ರಾಕೊನಜೋಲ್ ಎಲ್ಲ ಇದರ ಅಣ್ಣತಮ್ಮಂದಿರು. ಇವು ಎರ್ಗೊಸ್ಟೆರಾಲನ್ನು ನೇರವಾಗಿ ಮುಟ್ಟುವುದಿಲ್ಲ. ಅದನ್ನು ತಯಾರಿಸುವ ಸಾಲಿನಲ್ಲಿ ಒಬ್ಬ ಕೆಲಸಗಾರನ ಕೈ ಕಟ್ಟುತ್ತವೆ. ಲ್ಯಾನೊಸ್ಟೆರಾಲ್ ಅನ್ನುವ ಕಚ್ಚಾ ವಸ್ತುವಿನಿಂದ ಒಂದು ಮಿಥೈಲ್ ಗುಂಪನ್ನು ಕತ್ತರಿಸಿ ತೆಗೆಯುವ ಎಂಜೈಮ್ ಅದು. ಆ ಕತ್ತರಿ ನಿಂತರೆ ಎರಡು ತೊಂದರೆ. ಎರ್ಗೊಸ್ಟೆರಾಲ್ ಕಡಿಮೆ ಆಗುತ್ತದೆ. ಅದರ ಜಾಗಕ್ಕೆ ಮಿಥೈಲ್ ಉಳಿದುಕೊಂಡ, ವಕ್ರವಾದ ಸ್ಟೆರಾಲ್‌ಗಳು ಪೊರೆಗೆ ಬಂದು ಕೂರುತ್ತವೆ. ಕಲಬೆರಕೆ ರಬ್ಬರಿನ ಬಲೂನು.

ಪೊರೆ ಕೆಟ್ಟರೆ ಗೋಡೆಗೂ ಪೆಟ್ಟು. ಗೋಡೆ ನೇಯುವ ಎಂಜೈಮುಗಳು ಕೂತಿರುವುದು ಪೊರೆಯಲ್ಲೇ. ನೆಲ ಅಲ್ಲಾಡಿದರೆ ಮಷೀನು ನೆಟ್ಟಗೆ ಹೊಲಿಯುತ್ತದೆಯೇ? ಕೈಟಿನ್ ಕುತ್ತಿಗೆಯಲ್ಲಿ ನಿಲ್ಲದೆ ಗೋಡೆಯ ತುಂಬ ಅಲ್ಲಲ್ಲಿ ಗಂಟುಗಂಟಾಗಿ ಸೇರುತ್ತದೆ. ಮೊಗ್ಗು ಹುಟ್ಟುತ್ತದೆ, ಬೆಳೆಯುತ್ತದೆ, ಆದರೆ ಕಳಚಿಕೊಳ್ಳುವುದಿಲ್ಲ. ಅದರ ಮೇಲೆ ಇನ್ನೊಂದು ಮೊಗ್ಗು. ಕೋಶಗಳೂ ದೊಡ್ಡದಾಗುತ್ತವೆ.

ಇದು ಸಾಮಾನ್ಯ ಮೈಕ್ರೋಸ್ಕೋಪಿಗೆ ಕಾಣುತ್ತದೆ, ಅದೇ ಇದರ ದೊಡ್ಡ ಗುಣ. 40 ರ ಲೆನ್ಸಿನಲ್ಲೇ ದ್ರಾಕ್ಷಿ ಗೊಂಚಲಿನ ಹಾಗೆ ಅಂಟಿಕೊಂಡ ಕೋಶಗಳು ಸಿಗುತ್ತವೆ. ಔಷಧಿ ಹಾಕದ ಕಂಟ್ರೋಲ್ ಟ್ಯೂಬಿನಲ್ಲಿ ಒಂಟಿ ಕೋಶಗಳು, ಒಂದೊಂದು ಮೊಗ್ಗು. ಫೋನನ್ನು ಐಪೀಸಿಗೆ ಹಿಡಿದು ಎರಡು ಫೋಟೋ ತೆಗೆದು ಪಕ್ಕಪಕ್ಕ ಇಟ್ಟರೆ ವಿವರಣೆಯೇ ಬೇಡ.

ಆದರೆ ತಾಳ್ಮೆ ಬೇಕು. ಔಷಧಿ ಹಾಕಿದ ಹೊತ್ತಿಗೆ ಕೋಶದಲ್ಲಿ ಹಳೆಯ ಎರ್ಗೊಸ್ಟೆರಾಲ್ ದಾಸ್ತಾನು ಇರುತ್ತದೆ. ಒಂದೊಂದು ಸಲ ಕೋಶ ಎರಡಾದಾಗಲೂ ಅದು ಹಂಚಿಹೋಗಿ ಕಡಿಮೆ ಆಗಬೇಕು. ಒಳ್ಳೆಯ ಆಹಾರ, 30 ಡಿಗ್ರಿ ಇದ್ದರೆ ಬ್ರೆಡ್ ಯೀಸ್ಟ್ ಸುಮಾರು ಒಂದೂವರೆ ಗಂಟೆಗೆ ದುಪ್ಪಟ್ಟಾಗುತ್ತದೆ. ಆದ್ದರಿಂದ ಒಂದು ಗಂಟೆ ಬಿಟ್ಟು ನೋಡಿ "ಏನೂ ಆಗಿಲ್ಲ ಸಾರ್" ಅನ್ನಬೇಡಿ. 6, 12, 24 ಗಂಟೆಗೆ ನೋಡಿ. ಇನ್ನೊಂದು ಮಾತು: ಫ್ಲುಕೊನಜೋಲ್ ಯೀಸ್ಟನ್ನು ಸಾಮಾನ್ಯವಾಗಿ ಕೊಲ್ಲುವುದಿಲ್ಲ, ತಡೆದು ನಿಲ್ಲಿಸುತ್ತದೆ. ಸತ್ತ ಕೋಶವನ್ನು ನೀಲಿಯಾಗಿ ತೋರಿಸುವ ಮೆಥಿಲೀನ್ ಬ್ಲೂ ಹಾಕಿದರೆ ಹೆಚ್ಚಿನ ಕೋಶಗಳು ಬಣ್ಣ ಹಿಡಿಯುವುದಿಲ್ಲ. ಅದು ನಿಮ್ಮ ಪ್ರಯೋಗದ ಸೋಲಲ್ಲ. ಅದೇ ಫಲಿತಾಂಶ.

ನೀರಿನಲ್ಲಿ ಕರಗುತ್ತದೆ ಅನ್ನುವುದು ಇನ್ನೊಂದು ಅನುಕೂಲ. ಒಂದು ಮಿಲಿ ನೀರಿಗೆ ಒಂದು ಮಿಲಿಗ್ರಾಂ ಲೆಕ್ಕದಲ್ಲಿ ಮೂಲ ದ್ರಾವಣ ಮಾಡಿಕೊಳ್ಳಿ. ಅಲ್ಲಿಂದ ಮಿಲಿಗೆ 1, 2, 4 ಹೀಗೆ 64 ಮೈಕ್ರೋಗ್ರಾಂವರೆಗೆ ದುಪ್ಪಟ್ಟು ಸಾಲು ಹಾಕಿ. ಗೊಂಚಲು ಚೆನ್ನಾಗಿ ಕಾಣುವುದು ಬೆಳವಣಿಗೆ ಪೂರ್ತಿ ನಿಂತ ಟ್ಯೂಬಿನಲ್ಲಿ ಅಲ್ಲ, ಅದಕ್ಕಿಂತ ಒಂದೆರಡು ಮೆಟ್ಟಿಲು ಕೆಳಗಿನದರಲ್ಲಿ. ಶುದ್ಧ ಪುಡಿಯನ್ನು ಕಾಲೇಜಿನ ಮೂಲಕ ತರಿಸಿ. ಮಾತ್ರೆ ಕುಟ್ಟಿದರೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ.

ನಿಸ್ಟಾಟಿನ್: ಅರ್ಧ ದಿನದಲ್ಲಿ ಮುಗಿಯುವ ಕೆಲಸ

ಇದರ ಕತೆ ನನಗೆ ಇಷ್ಟ. 1950ರಲ್ಲಿ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಅನ್ನುವ ಇಬ್ಬರು ಮಹಿಳೆಯರು ಇದನ್ನು ಹೊರಗೆ ತಂದರು. ಇಬ್ಬರೂ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಪ್ರಯೋಗಾಲಯದವರು. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಮಾದರಿಗಳು ಗಾಜಿನ ಜಾಡಿಯಲ್ಲಿ ಅಂಚೆ ಮೂಲಕ ಓಡಾಡುತ್ತಿದ್ದವು. ಔಷಧಿ ಕೊಟ್ಟ ಬ್ಯಾಕ್ಟೀರಿಯ ಸಿಕ್ಕಿದ್ದು ಹೇಜನ್ ಅವರ ಸ್ನೇಹಿತರ ಹೊಲದ ಮಣ್ಣಿನಲ್ಲಿ. ನ್ಯೂಯಾರ್ಕ್ ಸ್ಟೇಟ್ ಅನ್ನುವುದರಿಂದಲೇ ನಿಸ್ಟಾಟಿನ್ ಅನ್ನುವ ಹೆಸರು ಬಂತು. ಪೇಟೆಂಟಿನಿಂದ ಬಂದ ಕೋಟಿಗಟ್ಟಲೆ ಹಣವನ್ನು ಇಬ್ಬರೂ ಸಂಶೋಧನೆಗೇ ಬಿಟ್ಟುಕೊಟ್ಟರು.

ನಿಸ್ಟಾಟಿನ್ ಮತ್ತು ಆಂಫೊಟೆರಿಸಿನ್ ಬಿ ಎರಡೂ ಪಾಲಿಯೀನ್ ಗುಂಪಿನವು. ಇವು ಎರ್ಗೊಸ್ಟೆರಾಲನ್ನೇ ಹುಡುಕಿಕೊಂಡು ಹೋಗಿ ಹಿಡಿಯುತ್ತವೆ. ಪೊರೆಯಲ್ಲಿ ತೂತು ಬೀಳುತ್ತದೆ, ಒಳಗಿನ ಪೊಟ್ಯಾಸಿಯಂ ಸೋರುತ್ತದೆ. ನಾವೆಲ್ಲ ಓದಿದ್ದು ಇಷ್ಟೇ. 2014ರಲ್ಲಿ ಆಂಫೊಟೆರಿಸಿನ್ ಬಗ್ಗೆ ಇನ್ನೊಂದು ವಿವರಣೆ ಬಂತು. ಔಷಧಿಯ ಅಣುಗಳು ಪೊರೆಯ ಹೊರಗೆ ದೊಡ್ಡ ಗುಂಪಾಗಿ ಕೂತು, ಸ್ಪಂಜಿನ ಹಾಗೆ ಎರ್ಗೊಸ್ಟೆರಾಲನ್ನು ಹೀರಿ ತೆಗೆಯುತ್ತವೆ, ಕೋಶ ಸಾಯುವುದಕ್ಕೆ ಮುಖ್ಯ ಕಾರಣ ಅದೇ, ತೂತು ಆಮೇಲಿನದು ಅಂತ. ವೈವಾದಲ್ಲಿ "ತೂತು ಮಾಡುತ್ತದೆ" ಅಂತ ಹೇಳಿ ನಿಲ್ಲಿಸುವವರಿಗಿಂತ, ಈ ಎರಡನೆಯ ಮಾತನ್ನೂ ಹೇಳುವವರು ಕೇಳುವವರ ಹುಬ್ಬು ಮೇಲೇರಿಸುತ್ತಾರೆ.

ಆಯ್ಕೆಯ ದೃಷ್ಟಿಯಿಂದ ನಿಸ್ಟಾಟಿನ್ ಫ್ಲುಕೊನಜೋಲಿಗೆ ಪೂರ್ತಿ ಉಲ್ಟಾ. ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಕೆಲಸ ಕಾಣುತ್ತದೆ. ಬೆಳೆಯುತ್ತಿರುವ ಕೋಶವೇ ಬೇಕು ಅನ್ನುವ ಹಟ ಇಲ್ಲ, ಸುಮ್ನೆ ಕೂತ ಕೋಶಕ್ಕೂ ಪೆಟ್ಟು ಬೀಳುತ್ತದೆ. ಆದರೆ ಆಕಾರದಲ್ಲಿ ದೊಡ್ಡ ಬದಲಾವಣೆ ಹುಡುಕಬೇಡಿ. ಗೋಡೆ ಹಾಗೇ ನಿಂತಿರುತ್ತದೆ, ಒಳಗಿನ ಬಲೂನು ಸೋರಿ ಕುಗ್ಗಿರುತ್ತದೆ. ಬಣ್ಣ ಹಾಕದೆ ನೋಡಿದರೆ ಸತ್ತದ್ದು ಯಾವುದು, ಬದುಕಿದ್ದು ಯಾವುದು ಗೊತ್ತಾಗುವುದಿಲ್ಲ. ಮೆಥಿಲೀನ್ ಬ್ಲೂ ಹಾಕಿದಾಗ ಮಾತ್ರ ಚಿತ್ರ ಬಿಚ್ಚಿಕೊಳ್ಳುತ್ತದೆ. ಬದುಕಿದ ಕೋಶ ಬಣ್ಣವನ್ನು ಒಳಗೆ ತೊಳೆದು ಬಿಳಿ ಮಾಡಿಕೊಳ್ಳುತ್ತದೆ, ಸತ್ತದ್ದು ನೀಲಿಯಾಗಿ ಉಳಿಯುತ್ತದೆ. ಹತ್ತು ನಿಮಿಷದೊಳಗೆ ಎಣಿಸಿ ಮುಗಿಸಿ. ಜಾಸ್ತಿ ಹೊತ್ತು ಬಿಟ್ಟರೆ ಬಣ್ಣವೇ ಕೋಶಗಳನ್ನು ಕೊಲ್ಲಲು ಶುರು ಮಾಡುತ್ತದೆ.

ಎಣಿಸಿ ಗ್ರಾಫ್ ಹಾಕುವ ಪ್ರಾಜೆಕ್ಟ್ ಬೇಕೇ? ನಿಸ್ಟಾಟಿನ್. ಫೋಟೋ ತೋರಿಸುವ ಪ್ರಾಜೆಕ್ಟ್ ಬೇಕೇ? ಫ್ಲುಕೊನಜೋಲ್. ಎರಡನ್ನೂ ಒಟ್ಟಿಗೆ ಮಾಡುವವರು ಇನ್ನೂ ಜಾಣರು. ಮೊದಲು ಫ್ಲುಕೊನಜೋಲಿನಲ್ಲಿ ಒಂದು ರಾತ್ರಿ ಬೆಳೆಸಿ, ಆಮೇಲೆ ನಿಸ್ಟಾಟಿನ್ ಕೊಡಿ. ಹಿಡಿಯಬೇಕಾದ ಎರ್ಗೊಸ್ಟೆರಾಲೇ ಕಡಿಮೆ ಆಗಿರುವುದರಿಂದ ನಿಸ್ಟಾಟಿನ್ನಿನ ಏಟು ಮೆತ್ತಗಾಗಬೇಕು. ಆಗುತ್ತದಾ ನೋಡಿ. ಅಜೋಲ್, ಪಾಲಿಯೀನ್ ಗುಂಪುಗಳ ನಡುವೆ ಈ ಜಗಳ ಪ್ರಯೋಗಾಲಯದಲ್ಲಿ ಕಂಡಿದ್ದೇ. ರೋಗಿಯ ಮೈಯಲ್ಲಿ ವಿಷಯ ಅಷ್ಟು ಸಲೀಸಲ್ಲ, ಅದನ್ನು ರಿಪೋರ್ಟಿನಲ್ಲಿ ಎಳೆದು ತರಬೇಡಿ.

ನಿಸ್ಟಾಟಿನ್ ನೀರಿನಲ್ಲಿ ಕರಗುವುದಿಲ್ಲ. ಕರಗಿಸಲು ಡಿಎಂಎಸ್ಒ ಅನ್ನುವ ದ್ರಾವಕ ಬೇಕು. ಹಾಗಾಗಿ ಔಷಧಿ ಇಲ್ಲದೆ ಬರೀ ಡಿಎಂಎಸ್ಒ ಹಾಕಿದ ಒಂದು ಟ್ಯೂಬ್ ಇಡಲೇಬೇಕು. ಬೆಳಕು, ಬಿಸಿ ಎರಡೂ ಇದಕ್ಕೆ ಆಗದು. ಫ್ರಿಜ್ಜಿನಲ್ಲಿ, ಫಾಯಿಲ್ ಸುತ್ತಿ ಇಡಿ.

ಆಂಫೊಟೆರಿಸಿನ್ ಬಿ ಹೆಸರನ್ನು 2021ರಲ್ಲಿ ಎಲ್ಲರೂ ಕೇಳಿದ್ದೇವೆ. ಕಪ್ಪು ಶಿಲೀಂಧ್ರದ ಕಾಲದಲ್ಲಿ ಆ ಇಂಜೆಕ್ಷನ್ನಿಗಾಗಿ ಜನ ಊರೂರು ಅಲೆದರು. ಎರ್ಗೊಸ್ಟೆರಾಲ್ ಮೇಲಿನ ಒಲವು ಕೊಲೆಸ್ಟೆರಾಲ್ ಮೇಲೂ ಸ್ವಲ್ಪ ಇರುವುದರಿಂದ ಅದು ಕಿಡ್ನಿಗೆ ಭಾರ. ಕೊಬ್ಬಿನ ಗುಳ್ಳೆಯೊಳಗೆ ಇಟ್ಟು ಕೊಡುವ ಲೈಪೊಸೋಮಲ್ ರೂಪ ಬಂದದ್ದು ಆ ಕಾರಣಕ್ಕೆ. ನಿಮ್ಮ ಪ್ರಾಜೆಕ್ಟಿಗೆ ನಿಸ್ಟಾಟಿನ್ ಕೊಡದ್ದನ್ನು ಇದು ಏನೂ ಕೊಡುವುದಿಲ್ಲ. ಬಿಡಿ.

ಕ್ಯಾಸ್ಪೊಫಂಜಿನ್: ನೋಡಲು ಎಲ್ಲಕ್ಕಿಂತ ಚೆಂದ, ಆದರೆ

ಕೋಶದ ರಚನೆ ಕೆಡುವುದನ್ನು ತೋರಿಸುವುದರಲ್ಲಿ ಎಕೈನೊಕ್ಯಾಂಡಿನ್ ಗುಂಪಿಗೆ ಸಮ ಯಾವುದೂ ಇಲ್ಲ. ಮೊದಲು ಬಂದದ್ದು ಕ್ಯಾಸ್ಪೊಫಂಜಿನ್. ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕಿತು. ಆಮೇಲೆ ಮಿಕಾಫಂಜಿನ್, ಅನಿಡುಲಾಫಂಜಿನ್. ಇವು ಬೀಟಾ ಗ್ಲೂಕಾನ್ ನೇಯುವ ಎಂಜೈಮನ್ನು ನಿಲ್ಲಿಸುತ್ತವೆ. ಅಂದರೆ ಜೀನ್ಸ್ ಬಟ್ಟೆಗೆ ನೂಲೇ ಇಲ್ಲ. ನಮ್ಮ ಮೈಯ ಕೋಶಗಳಿಗೆ ಇಂಥ ಗೋಡೆಯೇ ಇಲ್ಲದ್ದರಿಂದ ರೋಗಿಗೆ ಅಡ್ಡಪರಿಣಾಮವೂ ಕಡಿಮೆ.

ಗೋಡೆ ತೆಳುವಾದಂತೆ ಒಳಗಿನ ಒತ್ತಡಕ್ಕೆ ಕೋಶ ಉಬ್ಬುತ್ತದೆ. ಮೊಗ್ಗಿನ ತುದಿ, ಕುತ್ತಿಗೆ, ಅಂದರೆ ಹೊಸ ಗೋಡೆ ನೇಯುವ ಜಾಗಗಳಲ್ಲಿ ಮೊದಲು ಹರಿಯುತ್ತದೆ. ಕ್ಯಾಂಡಿಡಾ ಜಾತಿಯ ಯೀಸ್ಟ್ ಇದರಲ್ಲಿ ಸಾಯುತ್ತದೆ, ಬರೀ ನಿಲ್ಲುವುದಲ್ಲ. ಆದರೆ ಕೋಶವೂ ಕೈಕಟ್ಟಿ ಕೂರುವುದಿಲ್ಲ. ಗ್ಲೂಕಾನ್ ಬರುವುದು ನಿಂತಿತು ಅಂತ ಗೊತ್ತಾದ ಕೂಡಲೇ ಕೈಟಿನ್ ತಯಾರಿಕೆ ಏರಿಸುತ್ತದೆ. ಬಟ್ಟೆ ಇಲ್ಲದಿದ್ದರೆ ಬರೀ ಬಾರ್‌ಟ್ಯಾಕ್ ಹೊಲಿಗೆಯಿಂದಲೇ ತೇಪೆ ಹಾಕಿದ ಹಾಗೆ. ಹೀಗೆ ಕೈಟಿನ್ ಜಾಸ್ತಿ ಮಾಡಿಕೊಂಡ ಕೋಶಗಳು ಔಷಧಿಯನ್ನು ತಡೆದು ಬದುಕಿದ್ದನ್ನು ಕಂಡಿದ್ದಾರೆ. ಕೆಲವು ತಳಿಗಳಲ್ಲಿ ಔಷಧಿ ತುಂಬ ಜಾಸ್ತಿ ಹಾಕಿದಾಗ ಯೀಸ್ಟ್ ಮತ್ತೆ ಬೆಳೆಯುವ ವಿಚಿತ್ರವೂ ಇದೆ.

ಹಾಗಾದರೆ ಇದನ್ನೇ ಆರಿಸಬಾರದೇಕೆ? ದುಡ್ಡು. ಇಂಜೆಕ್ಷನ್ ರೂಪದಲ್ಲಿ ಮಾತ್ರ ಬರುವ ಆಸ್ಪತ್ರೆಯ ಔಷಧಿ ಅದು. ಶುದ್ಧ ಪುಡಿಯ ಬೆಲೆ ಡಿಗ್ರಿ ಪ್ರಾಜೆಕ್ಟಿಗೆ ಎಟುಕುವುದಲ್ಲ. ಎಂಎಸ್ಸಿಯವರು ಗೈಡ್ ಹತ್ತಿರ ಅನುದಾನ ಇದ್ದರೆ ಕೇಳಬಹುದು. ಉಳಿದವರಿಗೆ 5 ಮೈಕ್ರೋಗ್ರಾಮಿನ ಡಿಸ್ಕ್, ಅಂದರೆ ಔಷಧಿ ಹೀರಿಸಿದ ಕಾಗದದ ಬಿಲ್ಲೆ ಸಿಗುತ್ತದೆ. ಪ್ಲೇಟಿನ ಮೇಲೆ ಡಿಸ್ಕ್ ಇಟ್ಟು, ಸುತ್ತ ಬೆಳೆಯದ ವೃತ್ತ ಅಳೆದು ಅಷ್ಟಕ್ಕೇ ಬಿಡಬೇಡಿ. ಆ ವೃತ್ತದ ಅಂಚಿನಿಂದ ಲೂಪಿನಲ್ಲಿ ಸ್ವಲ್ಪ ಎತ್ತಿ ಸ್ಲೈಡ್ ಮಾಡಿ. ಸತ್ತೂ ಇಲ್ಲದ, ಸುಖವಾಗಿಯೂ ಇಲ್ಲದ ಕೋಶಗಳು ಇರುವುದು ಅಲ್ಲೇ. ಫ್ಲುಕೊನಜೋಲಿನ 25 ಮೈಕ್ರೋಗ್ರಾಂ ಡಿಸ್ಕಿಗೂ ಇದೇ ಉಪಾಯ ನಡೆಯುತ್ತದೆ.

ಇನ್ನೊಂದು ಬಡವರ ದಾರಿ ಇದೆ: ಕಾಂಗೋ ರೆಡ್. ಅದು ಔಷಧಿ ಅಲ್ಲ, ನಿಮ್ಮ ಲ್ಯಾಬಿನ ಕಪಾಟಿನಲ್ಲೇ ಇರಬಹುದಾದ ಬಣ್ಣ. ಗೋಡೆಯ ಎಳೆಗಳಿಗೆ ಅಂಟಿಕೊಂಡು ನೇಯ್ಗೆ ಕೂಡದಂತೆ ಮಾಡುತ್ತದೆ. ಯೀಸ್ಟ್ ಕೋಶಗಳು ಬಿಡಿಸಿಕೊಳ್ಳಲಾಗದೆ ಗುಂಪಾಗುತ್ತವೆ. ಗೋಡೆ ಹೇಗೆ ಕೆಡುತ್ತದೆ ಅಂತ ತೋರಿಸಲು ಸಂಶೋಧಕರೂ ಇದನ್ನೇ ಬಳಸುತ್ತಾರೆ. ಮೈಗೆ ಒಳ್ಳೆಯದಲ್ಲ, ಗ್ಲೌಸ್ ಹಾಕಿಕೊಂಡೇ ಮುಟ್ಟಿ. ರಿಪೋರ್ಟಿನಲ್ಲಿ "ಎಕೈನೊಕ್ಯಾಂಡಿನ್ ತರಹ" ಅಂತ ಬರೆಯಬೇಡಿ, "ಗೋಡೆಗೆ ಒತ್ತಡ ಕೊಡುವ ಬಣ್ಣ" ಅಂತ ಬರೆಯಿರಿ. ದಾರಿ ಬೇರೆ, ಪೆಟ್ಟು ಬೀಳುವ ಜಾಗ ಒಂದೇ.

ಟರ್ಬಿನಾಫಿನ್ ಬಗ್ಗೆ ಒಂದೇ ಮಾತು. ಎರ್ಗೊಸ್ಟೆರಾಲ್ ಸಾಲಿನಲ್ಲಿ ಅಜೋಲ್‌ಗಿಂತ ಮುಂಚಿನ ಮೆಟ್ಟಿಲಿನಲ್ಲೇ ತಡೆಯುತ್ತದೆ, ಸ್ಕ್ವಾಲೀನ್ ಅನ್ನುವ ಎಣ್ಣೆ ಕೋಶದೊಳಗೆ ತುಂಬಿಕೊಳ್ಳುತ್ತದೆ. ಬೂಸ್ಟುಗಳಿಗೆ ಬಲವಾದದ್ದು, ಯೀಸ್ಟಿಗೆ ಅಷ್ಟಕ್ಕಷ್ಟೆ. ಫ್ಲುಸೈಟೊಸಿನ್ ಕೋಶದ ಆರ್‌ಎನ್‌ಎ, ಡಿಎನ್‌ಎ ಕೆಲಸ ಕೆಡಿಸುವಂಥದ್ದು, ಗೋಡೆ ಪೊರೆಯ ಕತೆಗೆ ಅದು ಬರುವುದೇ ಇಲ್ಲ.

ಬೇಕರಿ ಯೀಸ್ಟೋ, ಕ್ಯಾಂಡಿಡಾವೋ

ಎಲ್ಲರಿಗೂ ಕ್ಯಾಂಡಿಡಾ ಆಲ್ಬಿಕನ್ಸ್ ಬೇಕು. ಹೆಸರಿಗೆ ತೂಕ ಇದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾಡಿದ ಅಪಾಯದ ಶಿಲೀಂಧ್ರಗಳ ಪಟ್ಟಿಯಲ್ಲಿ ಮೇಲಿನ ಗುಂಪಿನಲ್ಲೇ ಇದೆ. ಆದರೆ ಅದು ರೋಗ ತರುವ ಯೀಸ್ಟ್. ಸೇಫ್ಟಿ ಕ್ಯಾಬಿನೆಟ್ ಇಲ್ಲದ ಲ್ಯಾಬಿನಲ್ಲಿ, ಒಂದೇ ಬೆಂಚಿಗೆ ಆರು ಜನ ಒತ್ತಿಕೊಂಡು ಕೂರುವ ಕಡೆ ನಾನು ಅದನ್ನು ಬಿಚ್ಚಲು ಬಿಡುವುದಿಲ್ಲ. ಅದಕ್ಕೆ ಇನ್ನೊಂದು ತಲೆನೋವೂ ಇದೆ. ಬಿಸಿ, ಆಹಾರ ಬದಲಾದರೆ ಅದು ತಾನಾಗೇ ಉದ್ದ ಎಳೆಗಳಾಗಿ ಬೆಳೆಯುತ್ತದೆ. ಆಕಾರ ಬದಲಾಗಿದ್ದು ಔಷಧಿಯಿಂದಲೋ, ಅದರ ಸ್ವಭಾವದಿಂದಲೋ? ಹೊಸಬರಿಗೆ ಬಿಡಿಸಿಕೊಳ್ಳಲಾಗುವುದಿಲ್ಲ.

ಬ್ರೆಡ್ ಯೀಸ್ಟ್ ಸಾಕು. ಗೋಡೆ, ಪೊರೆ, ಎರ್ಗೊಸ್ಟೆರಾಲ್ ಎಲ್ಲ ಅದರಲ್ಲೂ ಇದೆ. ಆದರೆ ಪ್ಯಾಕೆಟ್ಟಿನಿಂದ ನೇರ ಟ್ಯೂಬಿಗೆ ಸುರಿಯಬೇಡಿ. ಒಣಗಿದ ಯೀಸ್ಟಿನಲ್ಲಿ ಸತ್ತ ಕೋಶಗಳು ಮೊದಲೇ ಇರುತ್ತವೆ, ಬ್ಯಾಕ್ಟೀರಿಯವೂ ಜೊತೆಗೆ ಬಂದಿರಬಹುದು. ಶಿಲೀಂಧ್ರ ಬೆಳೆಸುವ ಸಬೊರೋ ಅಗಾರಿನ ಮೇಲೆ ಗೀರು ಎಳೆದು, ಒಂಟಿ ಕಾಲೊನಿ ಎತ್ತಿ, ರಾತ್ರಿ ಬೆಳೆಸಿ, ಬೆಳಿಗ್ಗೆ ಹೊಸ ಆಹಾರಕ್ಕೆ ಹಾಕಿ. ಮೂರ್ನಾಲ್ಕು ಗಂಟೆ ಆದ ಮೇಲೆ, ಅವು ಚುರುಕಾಗಿ ಮೊಗ್ಗು ಬಿಡುವಾಗ ಔಷಧಿ ಕೊಡಿ. ಫ್ಲುಕೊನಜೋಲ್, ಕ್ಯಾಸ್ಪೊಫಂಜಿನ್ ಎರಡೂ ಬೆಳೆಯುವ ಕೋಶದ ಮೇಲೆ ಆಟ ಆಡುವಂಥವು. ಮೂರು ದಿನದ ಹಳೆಯ ಯೀಸ್ಟಿಗೆ ಹಾಕಿ ಕಾದರೆ ಏನೂ ಕಾಣದು.

ಪೆಟ್ಟು ಬಿದ್ದದ್ದು ಗೋಡೆಗೋ, ಪೊರೆಗೋ?

ಇದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಲ್ಲದೆ ತೋರಿಸುವುದು ಹೇಗೆ ಅಂತ ಕೇಳುತ್ತಾರೆ. ಸಾರ್ಬಿಟಾಲ್ ಇದೆಯಲ್ಲ. ಅದು ಸಕ್ಕರೆಯ ಜಾತಿಯದು, ಬೆಲೆಯೂ ಜಾಸ್ತಿ ಇಲ್ಲ. 100 ಮಿಲಿ ಮಾಧ್ಯಮಕ್ಕೆ 14.6 ಗ್ರಾಂ ಹಾಕಿದರೆ 0.8 ಮೋಲಾರ್ ಆಗುತ್ತದೆ. ಹೊರಗಿನ ನೀರೂ ದಪ್ಪ ಆದ್ದರಿಂದ ಒಳಗಿನ ಒತ್ತಡ ಇಳಿಯುತ್ತದೆ. ಹರಿದ ಚೀಲದಲ್ಲೂ ಬಲೂನು ಒಡೆಯದೆ ಕೂರುತ್ತದೆ. ಗೋಡೆ ಕೆಡಿಸುವ ಔಷಧಿ ಹಾಕಿದ ಯೀಸ್ಟ್ ಸಾರ್ಬಿಟಾಲಿನಲ್ಲಿ ಬದುಕಿಕೊಳ್ಳುತ್ತದೆ. ನಿಸ್ಟಾಟಿನ್ ಹಾಕಿದ್ದಕ್ಕೆ ಈ ರಕ್ಷಣೆ ಸಿಗುವುದಿಲ್ಲ, ಅಲ್ಲಿ ತೂತಾದದ್ದು ಬಲೂನೇ. ನಿಸ್ಟಾಟಿನ್ನಿಗೆ ಎದುರಾಗಿ ಮಾಡಬೇಕಾದ್ದು, ಮಾಧ್ಯಮಕ್ಕೆ ಹೊರಗಿನಿಂದ ಎರ್ಗೊಸ್ಟೆರಾಲ್ ಸೇರಿಸುವುದು. ಔಷಧಿ ಆ ಎರ್ಗೊಸ್ಟೆರಾಲಿಗೇ ಅಂಟಿಕೊಂಡು ಕೋಶಕ್ಕೆ ಕಡಿಮೆ ತಲುಪುತ್ತದೆ, ಯೀಸ್ಟನ್ನು ತಡೆಯಲು ಜಾಸ್ತಿ ಔಷಧಿ ಬೇಕಾಗುತ್ತದೆ. ಎರಡು ಟ್ಯೂಬ್ ಸಾಲು, ಎರಡು ಸಾಕ್ಷಿ. ನನ್ನ ಲೆಕ್ಕದಲ್ಲಿ ಹತ್ತು ಫೋಟೋಗಿಂತ ಇದು ಮೇಲು.

ಅಯೋಡಿನ್ ಬಾಟಲಿ ಯಾವಾಗಲೂ ಪಕ್ಕದಲ್ಲಿರಲಿ. ಯೀಸ್ಟ್ ಅದರಲ್ಲಿ ಹಳದಿ ಕಂದು ಆಗುತ್ತದೆ, ಸ್ಟಾರ್ಚ್ ಮಾತ್ರ ಕಡುನೀಲಿ. ನನಗೆ ಒಂದು ವರ್ಷದ ಮಾರ್ಕ್ಸ್ ಕೊಟ್ಟು ಕಲಿತ ಪಾಠ ನಿಮಗೆ ಪುಕ್ಕಟೆ.

ಬೀದಿಯವರ ಪ್ರಶ್ನೆ

ಮೈಕ್ರೋಬಯಾಲಜಿ ಮೇಷ್ಟ್ರು ಅಂದರೆ ಅರ್ಧ ಡಾಕ್ಟರು ಅಂತ ನಮ್ಮ ಓಣಿಯವರು ತಿಳಿದಿದ್ದಾರೆ. ಪಕ್ಕದ ಮನೆಯಲ್ಲಿ ಜೀನ್ಸ್ ಹೊಲಿಯುವ ಅಕ್ಕ ಬೇಸಿಗೆಯಲ್ಲಿ ಮಗನ ಬೆನ್ನು ತೋರಿಸಿ ಕೇಳುತ್ತಾರೆ, "ಅಣ್ಣಾ, ಈ ಚಿಬ್ಬಿಗೆ ಯಾವ ಮುಲಾಮು?" ಬೆವರಿನ ಕಾಲದಲ್ಲಿ ಬೆನ್ನು, ಎದೆ ಮೇಲೆ ಬಿಳಿ ಮಚ್ಚೆ ಬಿಡುವ ಚಿಬ್ಬು ನಿಜಕ್ಕೂ ಯೀಸ್ಟೇ, ಮಲಸೇಜಿಯ ಅಂತ ಹೆಸರು. ಎಣ್ಣೆ ಅಂಶ ಇದ್ದರೇ ಬದುಕುವಂಥದ್ದು. ಚರ್ಮ ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ನೋಡಿದರೆ ಶಾವಿಗೆ ಪಾಯಸದಲ್ಲಿ ಚಾರೋಳಿ ಬಿದ್ದಂತೆ ಕಾಣುತ್ತದೆ. ಅದಕ್ಕೆ ಕೀಟೊಕೊನಜೋಲಿನಂಥ ಅಜೋಲ್ ಹೊಂದುತ್ತದೆ. ಗ್ರಿಸಿಯೊಫಲ್ವಿನ್ ನುಂಗಿದರೆ ಏನೂ ಪ್ರಯೋಜನ ಇಲ್ಲ. ಟರ್ಬಿನಾಫಿನ್ ಮಾತ್ರೆ ನುಂಗಿದರೂ ಅಷ್ಟೇ. ಯೀಸ್ಟ್ ಹೋದ ಮೇಲೂ ಬಿಳಿ ಮಚ್ಚೆ ಮಾಯಲು ತಿಂಗಳುಗಟ್ಟಲೆ ಬೇಕು. ಹಾಗಾಗಿ ಔಷಧಿ ಹತ್ತಲಿಲ್ಲ ಅಂತ ಬೇರೆ ಬೇರೆ ಟ್ಯೂಬ್ ಬದಲಿಸುವುದು ಬೇಡ.

ನಾನು ಅವರಿಗೆ ಹೇಳುವುದು ಒಂದೇ. ಟ್ಯೂಬಿನ ಮೇಲೆ ಕ್ಲೊಬೆಟಸಾಲ್, ಬೀಟಾಮೆಥಸೋನ್ ಅಂತ ಏನಾದರೂ ಇದ್ದರೆ ತಾನಾಗಿ ಹಚ್ಚಬೇಡಿ. ಅದು ಸ್ಟೀರಾಯ್ಡ್. ಯೀಸ್ಟಿನ ಗೋಡೆಗೂ ಪೊರೆಗೂ ಅದು ಏನೂ ಮಾಡುವುದಿಲ್ಲ. ಚರ್ಮ ತುರಿಸಿ ಕೂಗಿಕೊಳ್ಳುವುದನ್ನು ನಿಲ್ಲಿಸುತ್ತದೆ, ಶಿಲೀಂಧ್ರಕ್ಕೆ ಆರಾಮ ಆಗುತ್ತದೆ. ಎರಡು ದಿನದಲ್ಲಿ ತುರಿಕೆ ಹೋಯ್ತು ಅಂತ ಖುಷಿ, ಎರಡು ತಿಂಗಳಿಗೆ ಮೈಯೆಲ್ಲ. ಆಮೇಲೆ ಚರ್ಮದ ಡಾಕ್ಟರ ಹತ್ತಿರ ಹೋಗಿ ಅಂತ ಕಳಿಸುತ್ತೇನೆ. ಬಸುರಿ ಹೆಂಗಸರು, ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಫ್ಲುಕೊನಜೋಲನ್ನು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ಬಳ್ಳಾರಿಯ ಬಿಸಿಲಿಗೆ

ಕೊನೆಗೆ, ಪುಸ್ತಕದಲ್ಲಿ ಇಲ್ಲದ ಒಂದು ತೊಂದರೆ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಕೋಣೆಯೇ ಇಂಕ್ಯುಬೇಟರ್. 40 ಡಿಗ್ರಿ ಹತ್ತಿರ ಬಂದರೆ ಬ್ರೆಡ್ ಯೀಸ್ಟ್ ಔಷಧಿ ಇಲ್ಲದೆಯೂ ಸೊರಗುತ್ತದೆ, ಮೊಗ್ಗು ಕಡಿಮೆ ಆಗುತ್ತದೆ. ಆಗ ಕಂಟ್ರೋಲ್ ಟ್ಯೂಬೂ ಕೆಟ್ಟಂತೆ ಕಾಣುತ್ತದೆ, ಔಷಧಿ ಹಾಕಿದ್ದೂ ಕೆಟ್ಟಂತೆ ಕಾಣುತ್ತದೆ. ಬರೀ ಬಿಸಿ ಮಾಡುವ ಇಂಕ್ಯುಬೇಟರ್ ಇಲ್ಲಿ ಕೆಲಸಕ್ಕೆ ಬಾರದು, ತಂಪೂ ಮಾಡುವ ಬಿಒಡಿ ಇಂಕ್ಯುಬೇಟರ್ ಬೇಕು. ಅದು ಇಲ್ಲದವರು ಟ್ಯೂಬುಗಳನ್ನು ಥರ್ಮೋಕೋಲ್ ಡಬ್ಬಿಯಲ್ಲಿ ನೀರಿನ ಬಾಟಲಿಗಳ ನಡುವೆ ಇಟ್ಟು, ಒಳಗೆ ಥರ್ಮಾಮೀಟರ್ ಹಾಕಿ, ಎರಡು ಗಂಟೆಗೊಮ್ಮೆ ಡಿಗ್ರಿ ಬರೆದಿಡಿ. ಕರೆಂಟು ಹೋದ ಹೊತ್ತನ್ನೂ ಬರೆಯಿರಿ. ಹೋದ ವರ್ಷ ಒಬ್ಬ ಹುಡುಗಿ ಬರೆದಿಟ್ಟಿದ್ದಳು. ಅವಳ ಗ್ರಾಫಿನಲ್ಲಿ ಮಧ್ಯಾಹ್ನ ಒಂದು ಕಡೆ ಎಲ್ಲ ಗೆರೆಗಳೂ ಒಟ್ಟಿಗೆ ಕುಸಿದಿದ್ದವು. ಎಕ್ಸ್‌ಟರ್ನಲ್ ಬೆರಳಿಟ್ಟು ಕೇಳಿದರು. ಅವಳು ನೋಟ್‌ಬುಕ್ ತಿರುಗಿಸಿ ತೋರಿಸಿದಳು: "12.40 ರಿಂದ 3.15, ಕರೆಂಟ್ ಇಲ್ಲ, ಒಳಗೆ 41 ಡಿಗ್ರಿ." ಅವರು ನಕ್ಕು ಮುಂದಿನ ಪುಟಕ್ಕೆ ಹೋದರು.